ಪೇಟೆಯಲ್ಲಿ ಮಧ್ಯಾಹ್ನದ ಊಟ



ಇಂದಿನ ಭಾಷಣದ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗಾದರೂ ನಗು ಬಂದಿರಬಹುದು. ಕಾವ್ಯವೋ ಶಾಸನವೋ ರಾಜ್ಯಪದ್ಧತಿಯೋ ಆಗಿದ್ದಲ್ಲಿ ಕಾಲೇಜಿನ ಉಪಾಧ್ಯಾಯನ ಬಾಯಿಗೆ ಒಪ್ಪುತ್ತಿತ್ತು. ಅನ್ನ ಸಾರಿನ ಮಾತು ಅವನಿಗೇಕೆ ಎನ್ನಬಹುದು. ಆದರೆ ಮಧ್ಯಾಹ್ನ ಎರಡು ಗಂಟೆಯ ತರಗತಿಗೆ ಷೇಕ್ಸ್‌ಪಿಯರನನ್ನು ಪಾಠ ಹೇಳಹೊರಟವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಉಂಡವನು ತೂಕಡಿಸುತ್ತಾನೆ; ಉಣ್ಣದವನು ಕಿಟಕಿಯ ಕಡೆ ನೋಡುತ್ತಾನೆ; ಹ್ಯಾಮ್ಲೆಟನ ಸಂಕಟ ಇಬ್ಬರನ್ನೂ ಮುಟ್ಟುವುದಿಲ್ಲ. ಉಂಡವನ ವಿಚಾರದಲ್ಲಿ ನಾವು ಮಾಡತಕ್ಕದ್ದೇನೂ ಇಲ್ಲ. ಉಣ್ಣದವನ ವಿಚಾರ ಹಾಗಲ್ಲ. ಅವನು ಉಣ್ಣದಿರುವುದು ಅನೇಕ ವೇಳೆ ಕೈಯಲ್ಲಿ ಕಾಸಿಲ್ಲದುದರಿಂದ ಅಲ್ಲ. ಇದ್ದ ಕಾಸಿಗೆ ಎಲ್ಲಿ ಊಟ ದೊರೆಯುತ್ತದೆಂಬುದು ತಿಳಿಯದುದರಿಂದ.

ಬೆಂಗಳೂರು ಬಹು ದೊಡ್ಡ ಊರು. ಅದನ್ನೆಲ್ಲ ಒಂದೇ ಭಾಷಣದಲ್ಲಿ ಸುತ್ತಿ ಬರಲಾಗದು. ಆದುದರಿಂದ ಹಳೆಯ ಪೇಟೆಯೊಂದನ್ನೇ ಹಿಡಿದು ಮಾತನಾಡುತ್ತೇನೆ. 1537ರ ಸುಮಾರಿನಲ್ಲಿ ಕೆಂಪೇಗೌಡರು ಕಟ್ಟಿಸಿದ ಪಟ್ಟಣವೆಂದರೆ ಇದೇ. ಚಿಕ್ಕಪೇಟೆ, ಈಗ ಅವೆನ್ಯೂ ರಸ್ತೆಯೆಂದು ಕರೆಸಿಕೊಳ್ಳುವ ದೊಡ್ಡಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ನಗರ್ತಪೇಟೆ, ದಕ್ಷಿಣಕ್ಕೆ ಕೃಷ್ಣರಾಜ ಮಾರುಕಟ್ಟೆ, ಪಶ್ಚಿಮಕ್ಕೆ ಬಸ್ಸು ರೈಲುಗಳ ನಿಲ್ದಾಣಗಳು. ಬಳೆಗಿಂತ ವೀಣೆ ತಬಲಗಳೇ ಬಳೇಪೇಟೆಯಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆಯಾದರೂ ಹೆಸರುಗಳು ಹಾಗೆಯೇ ನಿಂತಿವೆ. 2017ರ ಜೂನ್ ತಿಂಗಳಿಂದ ನೆಲದಡಿಯ ರೈಲು ಚಿಕ್ಕಪೇಟೆಯ ಹೊಟ್ಟೆಯೊಳಗೇ ಬಂದು ನಿಲ್ಲುತ್ತಿದೆ. ಮೇಲೆ ಮಾತ್ರ ಎತ್ತಿನ ಗಾಡಿಗೆಂದು ಬಿಟ್ಟ ಓಣಿಗಳೇ ಇವೆ.

ಈ ಓಣಿಗಳಿಗೆ ದಿನವೂ ಬರುವವರು ಯಾರು? ಮದುವೆಯ ಸೀರೆಗೆ ಬಂದವರು, ಹಳೆಯ ಪಠ್ಯಪುಸ್ತಕಕ್ಕಾಗಿ ಅವೆನ್ಯೂ ರಸ್ತೆಯನ್ನು ಶೋಧಿಸುವ ವಿದ್ಯಾರ್ಥಿಗಳು, ಊರಿಂದ ಸರಕು ಕೊಳ್ಳಲು ಬಂದ ಸಣ್ಣ ಅಂಗಡಿಕಾರರು. ಇವರು ಬಂದು ಹೋಗುವವರು. ಅಂಗಡಿಯ ಗುಮಾಸ್ತರು, ಲೆಕ್ಕ ಬರೆಯುವವರು, ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳು, ಮೂಟೆ ಹೊರುವ ಹಮಾಲಿಗಳು, ಕೈಗಾಡಿ ನೂಕುವವರು. ಇವರು ದಿನವೂ ಇಲ್ಲಿಯೇ ಇರತಕ್ಕವರು. ಮೊದಲನೆಯವರಿಗೆ ಮಧ್ಯಾಹ್ನದ ಊಟ ಆ ಹೊತ್ತಿನ ಒಂದು ತೊಂದರೆ. ಎರಡನೆಯವರಿಗೆ ಅದು ತಿಂಗಳಿಗೆ ಇಪ್ಪತ್ತಾರು ಸಲ ಬರುವ ಖರ್ಚು. ಅಗ್ಗದ ಊಟದ ವಿಚಾರದಲ್ಲಿ ಎರಡನೆಯವರೇ ಪ್ರಮಾಣಪುರುಷರು. ಈ ಮಾತನ್ನು ನೆನಪಿನಲ್ಲಿಟ್ಟರೆ ನನ್ನ ಭಾಷಣದ ಅರ್ಧದಷ್ಟನ್ನು ಕೇಳದೆ ಬಿಟ್ಟರೂ ನಷ್ಟವಿಲ್ಲ.

ಹಣಕ್ಕೆ ಅನ್ನ ಸಿಗುವುದು ನಮಗೆ ಈಗ ಸೂರ್ಯೋದಯದಷ್ಟು ಸಹಜವಾಗಿ ತೋರುತ್ತದೆ. ಅದು ಅಷ್ಟು ಹಳೆಯದಲ್ಲ. ಬೇಯಿಸಿದ ಅನ್ನವನ್ನು ಮಾರುವುದು ನಮ್ಮ ಹಿರಿಯರ ದೃಷ್ಟಿಯಲ್ಲಿ ಹೀನವಾದ ವೃತ್ತಿ. ಅನ್ನವಿಕ್ರಯವೆಂಬ ಪದವೇ ಬೈಗುಳದ ಹಾಗೆ ಕೇಳಿಸುತ್ತಿತ್ತು. ಪರಸ್ಥಳದಿಂದ ಬಂದವನು ನಂಟರ ಮನೆ, ಮಠ, ಛತ್ರ ಇವುಗಳಲ್ಲೊಂದನ್ನು ನೆಚ್ಚಬೇಕಾಗಿತ್ತು. ರೈಲು ನಿಲ್ದಾಣದೆದುರಿಗೆ ಗುಬ್ಬಿ ತೋಟದಪ್ಪನವರು ಕಟ್ಟಿಸಿ 1903ರಲ್ಲಿ ತೆರೆದ ಛತ್ರ ಆ ಕಾಲದ ಯೋಚನೆಗೆ ಒಂದು ಗುರುತು. ಓದಲು ಬಂದ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆ ಹಿಡಿದವನು ಪುಣ್ಯವಂತ. ಐದೇ ಮನೆ ಸಿಕ್ಕವನಿಗೆ ವಾರದಲ್ಲಿ ಎರಡು ಏಕಾದಶಿ. ವಾರಾನ್ನದಲ್ಲಿ ಓದಿ ದೊಡ್ಡ ಹುದ್ದೆಗೇರಿದವರು ಆ ಮನೆಗಳನ್ನು ಕೃತಜ್ಞತೆಯಿಂದ ನೆನೆದರು. ಆದರೆ ಕೊಟ್ಟ ಅನ್ನವನ್ನು ತಲೆಬಗ್ಗಿಸಿ ಉಣ್ಣಬೇಕು, ಇನ್ನಷ್ಟು ಬೇಕೆಂದು ಕೇಳುವಂತಿಲ್ಲ, ಯಜಮಾನಿಯ ಮುಖ ನೋಡಿ ಹಸಿವನ್ನು ಅಳೆದುಕೊಳ್ಳಬೇಕು. ಇವೂ ಅದರಲ್ಲಿ ಸೇರಿದ್ದುವು. ಮೇಲಾಗಿ, ಈ ಅನ್ನ ಎಲ್ಲ ಜಾತಿಯ ಹುಡುಗರಿಗೂ ಇರಲಿಲ್ಲ.

ಹೋಟಲು ಬಂದುದು ಇಂಥ ಊರಿಗೆ. ದಕ್ಷಿಣ ಕನ್ನಡದ ಕರಾವಳಿಯಿಂದ, ಸಣ್ಣ ಹಿಡುವಳಿಯೂ ದೊಡ್ಡ ಸಂಸಾರವೂ ಇದ್ದ ಮನೆಗಳಿಂದ ಅಡಿಗೆ ಬಲ್ಲವರು ಘಟ್ಟ ಹತ್ತಿ ಬಂದರು. ಕೆಲವರು ಮುಂಬಯಿಗೂ ಮದರಾಸಿಗೂ ಹೋದರು. ಇಂದು ಮಾವಳ್ಳಿಯ ಟಿಫಿನ್ ರೂಮ್ಸ್ ಎಂದು ಲೋಕವೆಲ್ಲ ಬಲ್ಲ ಹೋಟಲು 1924ರಲ್ಲಿ ಹುಟ್ಟಿದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಆ ಹೆಸರಿನಲ್ಲೇ ಆ ಕಾಲದ ಕಥೆಯಿದೆ. ಹಣ ಕೊಟ್ಟವನಿಗೆಲ್ಲ ಕಾಫಿ ಸಿಗಬಹುದಾಗಿತ್ತು. ಒಳಗಿನ ಮಣೆ ಸಿಗುತ್ತಿರಲಿಲ್ಲ. ಹಲವು ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿದ್ದಿತು; ಅಸ್ಪೃಶ್ಯರೆನಿಸಿದವರಿಗೆ ಹೊಸ್ತಿಲೇ ಗಡಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ, ಅಂಗಡಿ, ಬಾವಿ, ಕೆರೆಗಳ ಜತೆಗೆ ಸಾರ್ವಜನಿಕ ಊಟದ ಮನೆಗಳನ್ನೂ ಹೆಸರು ಹಿಡಿದು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಕೂಡದೆಂದು ವಿಧಿಸಿದ್ದಾರೆ. ರಾಜ್ಯದ ಮೂಲಶಾಸನವೊಂದು ಹೋಟಲಿನ ಬಾಗಿಲ ವಿಚಾರವನ್ನೆತ್ತಬೇಕಾಯಿತೆಂದರೆ ಆ ಬಾಗಿಲು ಎಷ್ಟು ಭಾರವಾಗಿದ್ದಿರಬೇಕು! 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಈಗ ಚಿಕ್ಕಪೇಟೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಸಾರನ್ನ ಕಲಸುವವನ ಕುಲವನ್ನು ನಾನು ಕೇಳುವುದಿಲ್ಲ, ಅವನೂ ಕೇಳುವುದಿಲ್ಲ. ಇಬ್ಬರಿಗೂ ಅವಸರ. ಧರ್ಮಶಾಸ್ತ್ರಿಗಳ ವಾದಕ್ಕೆ ಬಗ್ಗದ ಸಂಗತಿಯನ್ನು ಒಂದು ಗಂಟೆಯ ಹಸಿವು ಎಷ್ಟೋಮಟ್ಟಿಗೆ ಬಗ್ಗಿಸಿದೆ ಎಂದು ನನ್ನ ಭಾವನೆ.

ಅದಿರಲಿ, ಊಟವನ್ನು ಹುಡುಕುವ ಕೆಲಸಕ್ಕೆ ಬರೋಣ.

ಪೇಟೆಯಲ್ಲಿ ಊಟದ ಬೆಲೆಯನ್ನು ಮೊಟ್ಟಮೊದಲು ಗೊತ್ತುಮಾಡುವುದು ಅಕ್ಕಿಯಲ್ಲ, ಬೇಳೆಯಲ್ಲ; ಬಾಡಿಗೆ. ಹೆದ್ದಾರಿಗೆ ಮುಖಮಾಡಿದ ಹತ್ತು ಅಡಿ ಅಗಲದ ಮಳಿಗೆಯಲ್ಲಿ ರೇಷ್ಮೆ ಮಾರಿದರೆ ಬರುವ ಲಾಭ ಹುಳಿಯನ್ನ ಮಾರಿದರೆ ಬರುವುದಿಲ್ಲ. ಆದುದರಿಂದ ಅಗ್ಗದ ಊಟ ಎದುರಿನಲ್ಲಿ ಇರಲಾರದು. ಅದು ಓಣಿಯ ಒಳತಿರುವಿನಲ್ಲಿರುತ್ತದೆ, ಮಹಡಿಯ ಮೇಲಿರುತ್ತದೆ, ಕಡಿದಾದ ಮೆಟ್ಟಿಲ ಕೆಳಗಿರುತ್ತದೆ, ಗೋದಾಮಿನ ಹಿಂಬದಿಯಲ್ಲಿರುತ್ತದೆ. ಹೊರಗೆ ಹಲಗೆ ಇದ್ದರೂ ಓದಲು ಬಾರದಷ್ಟು ಮಾಸಿರುತ್ತದೆ. ಓಣಿಯ ಬಾಯಲ್ಲಿ ನಿಂತು ಹನ್ನೆರಡೂವರೆಯ ಹೊತ್ತಿಗೆ ಹಮಾಲಿಗಳು ತಲೆಯ ಸಿಂಬಿಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಯಾವ ಕಡೆ ತಿರುಗುತ್ತಾರೆಂಬುದನ್ನು ನೋಡಬೇಕು. ಐದು ಹತ್ತು ಮಂದಿ ಒಂದೇ ಕಡೆ ತಿರುಗಿದರೆ ಅವರ ಹಿಂದೆ ಹೋಗತಕ್ಕದ್ದು. ಕೈಯಲ್ಲಿರುವ ದೂರವಾಣಿಯನ್ನು ಕೇಳಿದರೆ ಅದು ನಕ್ಷತ್ರಗಳನ್ನು ಎಣಿಸಿ ಹೇಳುತ್ತದೆ. ಆ ನಕ್ಷತ್ರಗಳನ್ನು ಕೊಟ್ಟವರು ಮೊದಲನೆಯ ಜಾತಿಯವರು, ಎಂದರೆ ಒಂದು ದಿನಕ್ಕೆ ಬಂದುಹೋದವರು. ತಿಂಗಳಿಗೆ ಇಪ್ಪತ್ತಾರು ಸಲ ಉಣ್ಣುವವನು ನಕ್ಷತ್ರ ಕೊಡುವುದಿಲ್ಲ. ಸಾರು ತೆಳ್ಳಗಾದರೆ ನಾಳೆಯಿಂದ ಬರುವುದಿಲ್ಲ. ಹೋಟಲಿನವನು ಹೆದರುವುದು ಅವನಿಗೆ.

ಎರಡನೆಯ ಗುರುತು ತಿಂಡಿಗಳ ಪಟ್ಟಿಯ ಉದ್ದ. ನೂರೆಂಟು ಪದಾರ್ಥಗಳ ಹೆಸರಿರುವಲ್ಲಿ ಅಗ್ಗವನ್ನೂ ಹುಡುಕಬಾರದು, ತಾಜಾತನವನ್ನೂ ಹುಡುಕಬಾರದು. ಒಂದು ಅನ್ನ, ಒಂದು ಹುಳಿ, ಒಂದು ಸಾರು, ಒಂದು ಪಲ್ಯ, ಮಜ್ಜಿಗೆ; ಇಷ್ಟೇ ಇರುವಲ್ಲಿ ದೊಡ್ಡ ಹಂಡೆಗಳಲ್ಲಿ ಒಂದೇ ಸಲ ಬೇಯುತ್ತದೆ, ಉರುವಲು ಉಳಿಯುತ್ತದೆ, ಎರಡು ಗಂಟೆಯೊಳಗೆ ಎಲ್ಲವೂ ಖರ್ಚಾಗಿ ಸಂಜೆಗೆ ಉಳಿದದ್ದೇನೂ ಇರುವುದಿಲ್ಲ. ಹೋಟಲಿನವನು ಕೊಳ್ಳುವ ಅನಿಲದ ಸಿಲಿಂಡರು 19 ಕಿಲೋಗ್ರಾಮಿನದು, ಮನೆಯ 14.2 ಕಿಲೋಗ್ರಾಮಿನ ಸಿಲಿಂಡರಿಗಿಂತ ಅದರ ದರ ಕಿಲೋಗ್ರಾಮಿನ ಲೆಕ್ಕದಲ್ಲಿಯೂ ಹೆಚ್ಚು. ಪಟ್ಟಿ ಉದ್ದವಾದಷ್ಟೂ ಒಲೆಗಳು ಹೆಚ್ಚು ಉರಿಯುತ್ತವೆ. ಆ ಉರಿಗೂ ನಾವೇ ಹಣ ತೆರುತ್ತೇವೆ.

ಹೊತ್ತಿನ ವಿಚಾರವಾಗಿ ಒಂದೇ ಮಾತು. ಹನ್ನೆರಡೂಕಾಲಕ್ಕೆ ಹೋದವನಿಗೆ ಕುರ್ಚಿಯೂ ಪಲ್ಯವೂ ಎರಡೂ ಉಂಟು. ಒಂದೂವರೆಗೆ ಹೋದವನಿಗೆ ಎರಡರಲ್ಲೊಂದು.

ಬರಿಯ ಉಡುಪಿಯ ಊಟವೇ ಪೇಟೆಯ ಊಟವೆಂದು ತಿಳಿಯುವುದು ನಮ್ಮಂಥ ಓದಿದವರ ಸಂಕೋಚ. ಮಾರುಕಟ್ಟೆಯ ಕಡೆ ಇಳಿದರೆ ಮುಸಲ್ಮಾನರ ಹೋಟಲುಗಳಲ್ಲಿ ಖುಸ್ಕಾ ಎಂಬುದೊಂದು ಸಿಗುತ್ತದೆ. ಬಿರಿಯಾನಿಯ ಅನ್ನವೇ, ಮಾಂಸದ ತುಂಡು ಮಾತ್ರ ಇಲ್ಲ. ಜೊತೆಗೆ ಬಿಸಿ ಶೇರುವಾ. ಮಾಂಸದ ಬೆಲೆಯನ್ನು ಬಿಟ್ಟು ಮಾಂಸದ ಪರಿಮಳವನ್ನು ಮಾತ್ರ ಕೊಡುವ ಈ ಉಪಾಯವನ್ನು ಕಂಡುಹಿಡಿದವನು ಅರ್ಥಶಾಸ್ತ್ರವನ್ನು ಚೆನ್ನಾಗಿ ಬಲ್ಲವನಾಗಿರಬೇಕು. ಬಟ್ಟೆಯ ವ್ಯಾಪಾರಕ್ಕೆ ರಾಜಸ್ಥಾನದಿಂದ ಬಂದು ನೆಲೆಸಿದವರಿಗಾಗಿ ಚಿಕ್ಕಪೇಟೆ ಸುಲ್ತಾನಪೇಟೆಗಳ ಓಣಿಗಳಲ್ಲಿ ಹುಟ್ಟಿದ ಭೋಜನಾಲಯಗಳಿವೆ. ಅಲ್ಲಿ ತೆಳ್ಳನೆಯ ಫುಲ್ಕಾ ಒಂದರ ಮೇಲೊಂದು ತಟ್ಟೆಗೆ ಬೀಳುತ್ತಲೇ ಇರುತ್ತದೆ. ಸಾಕೆಂದು ಕೈ ಅಡ್ಡ ಹಿಡಿಯುವವರೆಗೆ ನಿಲ್ಲಿಸುವುದಿಲ್ಲ. ಇನ್ನು ಮಿಲಿಟರಿ ಹೋಟಲು. ಹೆಸರು ಕೇಳಿ ಸಿಪಾಯಿಗಳ ಪಾಳೆಯವೆಂದು ಅಂಜಬೇಕಾದುದಿಲ್ಲ. ಮಾಂಸದಡಿಗೆಯ ಮನೆಗೆ ನಮ್ಮ ಕಡೆ ರೂಢಿಯಾಗಿ ಬಂದ ಹೆಸರು. ಅಲ್ಲಿ ಮುದ್ದೆ ಸಿಗುತ್ತದೆ; ಬರಿಯ ಮುದ್ದೆಗೂ ಸಾರಿಗೂ ಬೆಲೆ ಕಡಿಮೆಯೇ.

ಮುದ್ದೆಯ ವಿಚಾರವಾಗಿ ಸ್ವಲ್ಪ ಹೆಚ್ಚಾಗಿ ಹೇಳಬೇಕೆನ್ನಿಸುತ್ತದೆ. ಹಮಾಲಿಯನ್ನು ಕೇಳಿದರೆ, ಅನ್ನ ಉಂಡರೆ ಮೂರು ಗಂಟೆಗೆ ಮತ್ತೆ ಹಸಿವು, ಮುದ್ದೆ ಉಂಡರೆ ಸಂಜೆಯವರೆಗೂ ಚಿಂತೆಯಿಲ್ಲ ಎನ್ನುತ್ತಾನೆ. ಪೋಷಣಶಾಸ್ತ್ರದವರ ಲೆಕ್ಕ ಅವನ ಮಾತಿಗೆ ವಿರುದ್ಧವಾಗಿಲ್ಲ. ರಾಗಿಯಲ್ಲಿ ನಾರಿನ ಅಂಶ ಹೆಚ್ಚು. ನೂರು ಗ್ರಾಮು ರಾಗಿಯಲ್ಲಿ ಸುಣ್ಣದ ಅಂಶ ಮುನ್ನೂರನಲ್ವತ್ತು ಮಿಲಿಗ್ರಾಮಿಗೂ ಮೀರಿರುತ್ತದೆ. ಪಾಲಿಷು ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ತಲೆಮಾರುಗಳ ಕಾಲ ಬಡವರ ಹಿಟ್ಟೆಂದು ಮೂಗು ಮುರಿಯುತ್ತಿದ್ದ ಇದೇ ಧಾನ್ಯಕ್ಕೆ, ವಿಶ್ವಸಂಸ್ಥೆಯವರು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಬಹಳ ಗೌರವ ಬಂದಿದೆ. ತಣ್ಣನೆಯ ಗಾಳಿ ಬೀಸುವ ಭವನಗಳಲ್ಲಿ ಅದನ್ನು ಪಿಂಗಾಣಿಯ ಬಟ್ಟಲಲ್ಲಿಟ್ಟು ತರುತ್ತಾರೆ. ಮುದ್ದೆ ಅದೇ; ಬಟ್ಟಲಿಗೆ ಹಣ.

ಇಷ್ಟು ತಿಳಿದ ಮೇಲೆ ಬಡಗಿರಾಕಿಗೆ ಊಟ ಸಿಕ್ಕಂತಾಯಿತೇ? ಅರ್ಧ ಮಾತ್ರ ಸಿಕ್ಕಿತು. ಏಕೆಂದರೆ ಊಟವೆಂದರೆ ತಟ್ಟೆಯಲ್ಲಿರುವುದಷ್ಟೇ ಅಲ್ಲ. ಕೂರಲು ಒಂದು ಜಾಗ, ಕೈ ತೊಳೆಯಲು ನೀರು, ಹದಿನೈದು ನಿಮಿಷದ ಬಿಡುವು, ಇವೂ ಊಟವೇ. ಬೆಲೆ ಇಳಿಯುವಾಗ ಮೊದಲು ಹೋಗುವುದು ಇವೇ. ಪೇಟೆಯ ಊಟದಲ್ಲಿ ನನಗೆ ಮುಖ್ಯವಾಗಿ ತೋರುವ ಸಂಗತಿ ಇದು.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬುದೊಂದು ಆರಂಭವಾಯಿತು. ಅಲ್ಲಿ ಕುರ್ಚಿಯಿರಲಿಲ್ಲ, ಮಾಣಿಯಿರಲಿಲ್ಲ. ಹಣ ಕೊಟ್ಟು ಚೀಟಿ ಪಡೆದು, ಕಣ್ಣೆದುರೇ ಹುಯ್ದ ದೋಸೆಯನ್ನು ತಾನೇ ತೆಗೆದುಕೊಂಡು, ಎದೆಯೆತ್ತರದ ಕಟ್ಟೆಯ ಬಳಿ ನಿಂತು ತಿಂದು ಹೊರಡಬೇಕು. ಜಾಗ ಕಿರಿದು, ಸಂಬಳ ಕಡಿಮೆ, ಗಂಟೆಗೆ ಬರುವ ಗಿರಾಕಿಗಳು ಹಲವರು. ಆದುದರಿಂದ ಬೆಲೆ ಇಳಿಯಿತು, ರುಚಿ ಕೆಡಲಿಲ್ಲ, ಅಡಿಗೆಮನೆ ಎಲ್ಲರ ಕಣ್ಣಿಗೆ ತೆರೆದುದರಿಂದ ಶುಚಿಯೂ ಹೆಚ್ಚಿತು. ಸ್ವಲ್ಪಕಾಲದಲ್ಲಿಯೇ ದರ್ಶಿನಿಯೆಂಬುದು ಒಂದು ಹೋಟಲಿನ ಹೆಸರಾಗಿ ಉಳಿಯದೆ ಒಂದು ಜಾತಿಯ ಹೆಸರಾಯಿತು. ಬೆಂಗಳೂರು ಲೋಕದ ಆಹಾರಪದ್ಧತಿಗೆ ಕೊಟ್ಟ ಕಾಣಿಕೆಗಳಲ್ಲಿ ಇದು ಸಣ್ಣದೆಂದು ನಾನು ಎಣಿಸುವುದಿಲ್ಲ. ಜಾತಿಗೊಂದು ಕೋಣೆಯ ಕಾಲದಿಂದ ಕೋಣೆಯೇ ಇಲ್ಲದ ಕಾಲಕ್ಕೆ ಬಂದುದೂ ಒಂದು ಲಾಭವೇ ಸರಿ.

ಆದರೆ ಬೆಳಗಿನ ಇಡ್ಲಿಗೆ ಸರಿಹೋಗುವ ಏರ್ಪಾಡು ಮಧ್ಯಾಹ್ನದ ಅನ್ನಕ್ಕೆ ಸರಿಹೋಗುತ್ತದೆಯೆ? ಕಚೇರಿಯಲ್ಲಿ ಕುಳಿತು ಬೆನ್ನು ನೊಂದ ನನ್ನಂಥವನಿಗೆ ಹತ್ತು ನಿಮಿಷ ನಿಲ್ಲುವುದು ಹಿತವೇ ಆಗಬಹುದು. ರೇಷ್ಮೆಯಂಗಡಿಯಲ್ಲಿ ಬೆಳಗಿನಿಂದ ನಿಂತು ಸೀರೆ ಬಿಚ್ಚಿದ ಹೆಣ್ಣುಮಗಳನ್ನು ಯೋಚಿಸಿ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲವೆಂಬ ಕಟ್ಟಳೆ ಅನೇಕ ಅಂಗಡಿಗಳಲ್ಲಿ ಬಹುಕಾಲ ನಡೆದುಬಂದಿತು. ಇದರ ವಿರುದ್ಧ ಕೇರಳದ ಅಂಗಡಿಯ ಹೆಂಗಸರು ಹೋರಾಡಿ, 2018ರಲ್ಲಿ ಅಲ್ಲಿಯ ಸರ್ಕಾರ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸುವಂತೆ ಮಾಡಿದರು. ತಮಿಳುನಾಡು 2021ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಒಂದು ಮೊಗಸಾಲೆಯ ಪೀಠಕ್ಕಾಗಿ ಶಾಸನಸಭೆ ಕೂಡಬೇಕಾದ ಕಾಲದಲ್ಲಿ ನಾವಿದ್ದೇವೆ. ಹೀಗೆ ನಾಲ್ಕು ಗಂಟೆ ನಿಂತವಳು ಊಟಕ್ಕೆಂದು ಹೊರಬಂದು ಇನ್ನೊಂದು ಕಟ್ಟೆಯ ಮುಂದೆ ನಿಂತರೆ ಅದು ಊಟವೋ ಕೆಲಸದ ಮುಂದುವರಿಕೆಯೋ ಹೇಳುವುದು ಕಷ್ಟ. ಅದಲ್ಲದೆ ಎರಡು ಕೈಯಲ್ಲಿ ಚೀಲ ಹಿಡಿದವರು, ಕಂಕುಳಲ್ಲಿ ಮಗುವಿರುವವರು, ಮೊಣಕಾಲು ನೋವಿನ ಮುದುಕರು, ಇವರು ಬಿಸಿ ತಟ್ಟೆಯನ್ನು ಯಾವ ಕೈಯಲ್ಲಿ ಹಿಡಿಯಬೇಕು? ಹೆಂಗಸರಲ್ಲಿ ಹಲವರು ಇದನ್ನೆಲ್ಲ ಯೋಚಿಸಿ ಮನೆಯಿಂದಲೇ ಡಬ್ಬಿ ತರುತ್ತಾರೆ. ಅಂಗಡಿಯ ಹಿಂಬದಿಯಲ್ಲಿ ಬಟ್ಟೆಯ ಗಂಟುಗಳ ನಡುವೆ, ಒಬ್ಬೊಬ್ಬರಾಗಿ ಸರದಿಯ ಮೇಲೆ ಉಣ್ಣುತ್ತಾರೆ. ನೀರು ಹೆಚ್ಚಾಗಿ ಕುಡಿಯುವುದಿಲ್ಲ; ಕಾರಣವನ್ನು ತಾವು ಊಹಿಸಬಲ್ಲಿರಿ. ಶೌಚಕ್ಕೆ ಅನುಕೂಲವಿರುವ ಅಗ್ಗದ ಹೋಟಲು ಪೇಟೆಯಲ್ಲಿ ಅಪರೂಪ. ಹಾಗಿರುವುದರ ಕೀರ್ತಿ ಹೆಂಗಸರ ನಡುವೆ ಬಾಯಿಂದ ಬಾಯಿಗೆ ಹರಡಿರುತ್ತದೆ. ಅದನ್ನು ಗೊತ್ತುಮಾಡಿಕೊಳ್ಳಬೇಕಾದರೆ ಯಾವ ಪುಸ್ತಕವೂ ಸಾಲದು. ಅಂಗಡಿಯ ಹೆಣ್ಣುಮಕ್ಕಳನ್ನೇ ಕೇಳಬೇಕು.

ಬೆಲೆಯನ್ನು ಸರ್ಕಾರದವರೇ ಇಳಿಸಿಬಿಟ್ಟರಾಗದೆ ಎಂದು ಕೆಲವರು ಕೇಳುವುದುಂಟು. ಅದನ್ನೂ ಮಾಡಿನೋಡಿದ್ದಾಗಿದೆ. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟಲಿನ ಪದಾರ್ಥಗಳಿಗೆ ಅತಿ ಕಡಿಮೆಯಾದ ದರಗಳನ್ನು ವಿಧಿಸಲಾಯಿತು. ಹಲವರು ಇಡ್ಲಿಯನ್ನು ಕಿರಿದುಮಾಡಿ ಸಾಂಬಾರನ್ನು ತೆಳ್ಳಗೆ ಮಾಡಿ ಆಜ್ಞೆಯನ್ನು ಪಾಲಿಸಿದರು. ಮೇಲೆ ಹೇಳಿದ ಮಾವಳ್ಳಿಯ ಹೋಟಲಿನವರು ಗುಣವನ್ನು ಕೆಡಿಸಲೊಪ್ಪದೆ ನಷ್ಟದಲ್ಲಿಯೇ ನಡೆಸಿ, ನಷ್ಟದ ಲೆಕ್ಕವನ್ನು ಗಿರಾಕಿಗಳಿಗೆ ಕಾಣುವಂತೆ ಹಲಗೆಯ ಮೇಲೆ ಬರೆದು, ಕೊನೆಗೆ ಬಾಗಿಲು ಹಾಕಿದರು. ಹಿಟ್ಟು ಪುಡಿಗಳನ್ನು ಕಟ್ಟಿ ಮಾರುವ ವ್ಯಾಪಾರ ಅವರಿಗೆ ಒದಗಿದ್ದು ಹಾಗೆ. ಅನೇಕ ವರ್ಷಗಳ ಮೇಲೆ ಊಟದ ಮನೆ ಮತ್ತೆ ತೆರೆಯಿತು. ಆಜ್ಞೆಯಿಂದ ಬೆಲೆ ಇಳಿಯುತ್ತದೆ. ಹುಳಿಯಲ್ಲಿ ಬೇಳೆಯೂ ಅದರ ಜೊತೆಗೆ ಇಳಿಯುತ್ತದೆ.

ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗವೆಂದರೆ ವ್ಯತ್ಯಾಸದ ಹಣವನ್ನು ಸರ್ಕಾರವೇ ತುಂಬುವುದು. ತಮಿಳುನಾಡಿನ ಅಮ್ಮ ಉಣವಗಂ 2013ರಲ್ಲಿ ಹಾಗೆ ಹುಟ್ಟಿತು. ಅದನ್ನು ನೋಡಿ ಬೆಂಗಳೂರಿನಲ್ಲಿ 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನುಗಳು ತೆರೆದುವು: ಬೆಳಗಿನ ತಿಂಡಿಗೆ 5 ರೂಪಾಯಿ, ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೆ ತಲಾ 10 ರೂಪಾಯಿ. ವಾರ್ಡಿಗೊಂದೆಂಬ ಸಂಕಲ್ಪ. ಅವುಗಳ ಮುಂದಿನ ಸಾಲಿನಲ್ಲಿ ನಿಂತವರನ್ನು ನೋಡಿದವರಿಗೆ ಈ ಊಟ ಬೇಕೆ ಬೇಡವೆ ಎಂಬ ಚರ್ಚೆ ಉಳಿಯುವುದಿಲ್ಲ. ಬಡಿಸಿದಷ್ಟೇ ಊಟ, ಮೂಟೆ ಹೊರುವವನಿಗೆ ಒಂದು ತಟ್ಟೆ ಸಾಲದು, ಎರಡು ಕೊಳ್ಳುತ್ತಾನೆ, ಆದರೂ ಖರ್ಚು ಇಪ್ಪತ್ತೇ. ಗುಣ ಎಲ್ಲ ಕಡೆಯೂ ಎಲ್ಲ ದಿನವೂ ಒಂದೇ ಸಮನಾಗಿಲ್ಲ. ಗುತ್ತಿಗೆಯ ಅಡಿಗೆಗೆ ಅಂಟಿದ ದೋಷವದು. ನನ್ನ ದೂರು ಬೇರೆ. ಇಲ್ಲಿಯೂ ಬಹುಮಟ್ಟಿಗೆ ನಿಂತೇ ಉಣ್ಣಬೇಕು. ಹತ್ತು ರೂಪಾಯಿಗೆ ಅನ್ನ ಕೊಡುವ ಔದಾರ್ಯವುಳ್ಳ ಸರ್ಕಾರಕ್ಕೆ ಒಂದು ಸಾಲು ಕಲ್ಲುಬೆಂಚು ಹಾಕಿಸುವುದು ದುಬಾರಿಯಾಗಲಾರದು. ಕೂತವನು ಬೇಗ ಏಳುವುದಿಲ್ಲವೆಂಬ ಅಂಜಿಕೆ ಇದ್ದರೆ, ಅಂಥವರು ಒಂದು ದಿನ ಬಂದು ನೋಡಲಿ. ಕೂಲಿಯವನಿಗೆ ಊಟದ ಮೇಲೆ ಹರಟೆ ಹೊಡೆಯುವಷ್ಟು ಹೊತ್ತಿಲ್ಲ.

ಅಗ್ಗದ ಊಟಕ್ಕೆ ಇನ್ನೊಂದು ಮೂಲವಿದ್ದಿತು. ಅದನ್ನು ಹೇಳದೆ ಬಿಡಲಾಗದು. ನಮ್ಮ ಹಿರಿಯರು ಹೊಗಳುವ ಹಳೆಯ ಹೋಟಲುಗಳ ಅಗ್ಗದ ಬೆಲೆಯಲ್ಲಿ ಒಂದು ಪಾಲನ್ನು ತೆತ್ತವನು ಮಾಣಿ. ಹತ್ತು ಹನ್ನೆರಡು ವರ್ಷದ ಹುಡುಗ, ಕುಂದಾಪುರದ ಕಡೆಯವನೋ ಹಾಸನದ ಕಡೆಯವನೋ, ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಲೋಟ ತೊಳೆದು, ಮೇಜು ಒರಸಿ, ಅದೇ ಮೇಜಿನ ಮೇಲೆ ಮಲಗುತ್ತಿದ್ದನು. ಊಟ ವಸತಿ ಕೊಟ್ಟದ್ದೇ ಸಂಬಳವೆನ್ನುವವರೂ ಇದ್ದರು. ಅವರಲ್ಲಿ ಕೆಲವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು, ಕೆಲವರು ತಾವೇ ಹೋಟಲಿನ ಯಜಮಾನರಾದರು. ಆ ಕಥೆಗಳು ಮನಸ್ಸಿಗೆ ಹಿತವಾಗಿವೆ. ಮುಂದೆ ಬಾರದವರ ಕಥೆಯನ್ನು ಯಾರೂ ಬರೆಯಲಿಲ್ಲ. ಹದಿನಾಲ್ಕು ವರ್ಷ ತುಂಬದವರನ್ನು ಹೋಟಲುಗಳಲ್ಲಿ ದುಡಿಸಕೂಡದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿದೆ. ಹಳೆಯ ಬೆಲೆಗಳನ್ನು ನೆನೆದು ನಿಟ್ಟುಸಿರು ಬಿಡುವಾಗ ಈ ತಾರೀಖನ್ನೂ ನೆನೆಯುವುದು ನ್ಯಾಯ. ಈಗ ಬೆಂಗಳೂರಿನ ಹೋಟಲುಗಳಲ್ಲಿ ಬಡಿಸುವವರು ಅಸ್ಸಾಮು, ಬಿಹಾರ, ಒಡಿಶಾ, ನೇಪಾಳಗಳಿಂದಲೂ ಬಂದಿದ್ದಾರೆ. ಸಾರು, ಹುಳಿ, ಮಜ್ಜಿಗೆ ಎಂಬ ಮೂರು ಪದಗಳಿಂದ ಅವರ ಕನ್ನಡ ಆರಂಭವಾಗುತ್ತದೆ. ಇದಕ್ಕಿಂತ ಒಳ್ಳೆಯ ಬಾಲಬೋಧೆ ನನಗೆ ತಿಳಿಯದು.

ಹಣ ಕೊಡುವ ರೀತಿಯ ವಿಚಾರವಾಗಿಯೂ ಎರಡು ಮಾತು. ತಳ್ಳುಗಾಡಿಯವನ ಬಳಿಯೂ ಈಗ ಕಪ್ಪು ಚೌಕಗಳ ಮುದ್ರೆಯಿದೆ. ದೂರವಾಣಿಯನ್ನು ಅದಕ್ಕೆ ತೋರಿಸಿದರೆ ಹಣ ಸಂದಾಯವಾಗುತ್ತದೆ. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆಯ ಇಲಾಖೆಯವರು ಈ ಸಂದಾಯಗಳ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಸಣ್ಣ ಅಂಗಡಿಗಳಿಗೂ ಬೇಕರಿ ಚಹದಂಗಡಿಗಳಿಗೂ ನೋಟೀಸು ಕಳುಹಿಸಿದಾಗ, ಊರಿನ ಎಷ್ಟೋ ಕಡೆ ಮುದ್ರೆಯನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ತೆರಿಗೆ ಕೊಡತಕ್ಕವರು ಕೊಡಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ತೆಳ್ಳನೆಯ ಲಾಭದಲ್ಲಿ ನಡೆಯುವ ಊಟದ ಅಂಗಡಿ ಎಷ್ಟು ಸುಲಭವಾಗಿ ಬೆದರುತ್ತದೆಂಬುದು ಆ ತಿಂಗಳಲ್ಲಿ ಕಂಡಿತು. ಪೇಟೆಗೆ ಹೋಗುವವರು ಜೇಬಿನಲ್ಲಿ ನೂರು ರೂಪಾಯಿಯ ಒಂದೆರಡು ನೋಟುಗಳನ್ನೂ ಸ್ವಲ್ಪ ಚಿಲ್ಲರೆಯನ್ನೂ ಇಟ್ಟುಕೊಂಡಿರುವುದು ಒಳ್ಳೆಯದು.

ಹಾಗಾದರೆ ನಾಳೆ ಪೇಟೆಗೆ ಹೋಗುವ ಶ್ರೋತೃ ಏನು ಮಾಡಬೇಕು? ಬರಿಯ ಹಸಿವಿಗಾದರೆ ದರ್ಶಿನಿಯಿದೆ, ತಳ್ಳುಗಾಡಿಯ ಚಿತ್ರಾನ್ನವಿದೆ. ಗಾಡಿಯ ಬಳಿ ತಟ್ಟೆ ತೊಳೆಯುವ ನೀರನ್ನು ಒಮ್ಮೆ ನೋಡಿ ಮುಂದುವರಿಯತಕ್ಕದ್ದು. ಜೊತೆಗೆ ವಯಸ್ಸಾದವರೋ ಮಕ್ಕಳೋ ಇದ್ದಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಕೂತು ಉಣ್ಣುವ ಹಳೆಯ ಮಾದರಿಯ ಊಟದ ಮನೆಗೆ ಹೋಗಬೇಕು. ಅಂಥವು ಪೇಟೆಯಲ್ಲಿ ಇನ್ನೂ ಉಳಿದಿವೆ. ಬಾಡಿಗೆಯ ಒತ್ತಡ ತಡೆಯಲಾರದೆ ಎಷ್ಟೋ ಮುಚ್ಚಿವೆ. ಉಳಿದಿರುವುವು ಬಹುಶಃ ಸ್ವಂತ ಕಟ್ಟಡದವು, ಇಲ್ಲವೆ ಹಳೆಯ ಬಾಡಿಗೆಯ ಕರಾರಿನವು. ಅಲ್ಲಿ ಮೇಜು ಸವೆದಿರುತ್ತದೆ, ಗೋಡೆಯ ಮೇಲೆ ದೇವರ ಪಟಕ್ಕೆ ಹಾಕಿದ ಹೂವು ತಾಜಾ ಆಗಿರುತ್ತದೆ, ಎರಡನೆಯ ಸಲ ಅನ್ನ ಬೇಕೆಂದರೆ ಬಡಿಸುವವನು ಮುಖ ನೋಡುವುದಿಲ್ಲ. ನಿಮ್ಮ ಕುರ್ಚಿಯ ಹಿಂದೆ ಒಬ್ಬನು ಆಗಲೇ ಬಂದು ನಿಂತಿರುತ್ತಾನೆ. ಅವನು ನಿಮ್ಮ ಮಜ್ಜಿಗೆಯ ಕಡೆ ನೋಡುತ್ತಿರುವುದು ಅಸೂಯೆಯಿಂದಲ್ಲ, ಲೆಕ್ಕಕ್ಕಾಗಿ. ಮಜ್ಜಿಗೆಯಾದ ಮೇಲೆ ಏಳುವುದು ಪೇಟೆಯ ಸಂಪ್ರದಾಯ. ಕೈ ತೊಳೆದು ಬರುವಷ್ಟರಲ್ಲಿ ಎಲೆಯೂ ಬದಲಾಗಿರುತ್ತದೆ, ಮನುಷ್ಯನೂ ಬದಲಾಗಿರುತ್ತಾನೆ.

ಎರಡೂಮುಕ್ಕಾಲು ಮೂರರ ಹೊತ್ತಿಗೆ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ‘ಊಟ ಮುಗಿದಿದೆ’ ಎಂದು ಸೀಮೆಸುಣ್ಣದಿಂದ ಬರೆಯುತ್ತಾರೆ. ಆ ಮೇಲೆ ಬಂದವರಿಗೆ ಕಾಫಿ ಮಾತ್ರ. ಅರ್ಧ ಎಳೆದ ಬಾಗಿಲಿನೊಳಗೆ ಕಣ್ಣು ಹಾಯಿಸಿದರೆ, ಬೆಳಗಿನಿಂದ ನಿಂತು ಬಡಿಸಿದವರೂ ಒಲೆಯ ಮುಂದಿದ್ದವರೂ ತಟ್ಟೆ ತೊಳೆದವರೂ ಒಂದೇ ಮೇಜಿನ ಸುತ್ತ ಕುಳಿತಿರುವುದು ಕಾಣುತ್ತದೆ. ಹಂಡೆಯ ತಳದ ಹುಳಿ ಅವರ ಪಾಲಿಗೆ. ಅದರಲ್ಲಿ ಬೇಳೆ ಹೆಚ್ಚು.